ಬಳ್ಳಾರಿ ಸೀಮೆಯಲ್ಲಿ ಗಾಯಾಳುಗಳ ಚಿಕಿತ್ಸೆ ಮತ್ತು ಅಪಘಾತ ನಿವಾರಣೆ: ಒಂದು ಚಾರಿತ್ರಿಕ ವಿವೇಚನೆ

೧. ವಿಷಯ ಪ್ರವೇಶ

ಕರ್ನಾಟಕದ ಚರಿತ್ರೆಯನ್ನು ಅಭ್ಯಸಿಸುವವರಿಗೆ ಗಾಯವು ಅಪರಿಚಿತವಾದ ವಿಷಯವಲ್ಲ. ತುರುಗಳನ್ನು ಮರಳಿಸಲು ಹೋರಾಡಿ ಮಡಿದವನಿಗೆ, ಊರಳಿವಿನಲ್ಲಿ ಊರನ್ನು ಕಾದು ಬಿದ್ದವನಿಗೆ, ಹೆಣ್ಣಿನ ಮಾನರಕ್ಷಣೆಗಾಗಿ ಪ್ರಾಣವಿತ್ತವನಿಗೆ ನಮ್ಮ ಹಿಂದಿನವರು ವೀರಗಲ್ಲುಗಳನ್ನು ನಿಲ್ಲಿಸಿದರು. ಅಂಥವನ ಮನೆಯವರ ಜೀವನಾರ್ಥವಾಗಿ ನೆತ್ತರುಗೊಡಗೆಯೆಂಬ ಹೆಸರಿನಿಂದ ಭೂಮಿಯನ್ನು ಬಿಟ್ಟರು. ಸುರಿದ ರಕ್ತಕ್ಕೆ ಸಮಾಜವು ಋಣಿಯೆಂಬ ಭಾವನೆಯು ಈ ದತ್ತಿಗಳಲ್ಲಿ ಸ್ಪಷ್ಟವಾಗಿದೆ.

ಆದರೆ ಬಾವಿಯ ಮೆಟ್ಟಿಲು ಜಾರಿ ಬಿದ್ದವನು, ಬಂಡಿಯ ಗಾಲಿಗೆ ಸಿಕ್ಕಿದವಳು, ಒಲೆಯ ಬೆಂಕಿಯು ಸೀರೆಗೆ ತಗಲಿ ಬೆಂದವಳು, ಕೆರೆಯ ಏರಿಯನ್ನು ಕಟ್ಟುವಾಗ ಕೈ ಮುರಿದುಕೊಂಡವನು—ಇವರ ನೆನಪಿಗೆ ಕಲ್ಲು ನಿಂತುದು ವಿರಳ. ಯುದ್ಧದ ಗಾಯವು ಕೀರ್ತಿಯೆಂದೂ ದಿನನಿತ್ಯದ ಗಾಯವು ಹಣೆಯಬರಹವೆಂದೂ ಎಣಿಸುವ ರೂಢಿಯು ನಮ್ಮಲ್ಲಿ ಬಹುಕಾಲದಿಂದ ಬೇರೂರಿದೆ. ದಾಖಲೆಯಿಲ್ಲದ ಗಾಯಕ್ಕೆ ಕಾರಣವನ್ನು ಹುಡುಕುವವರಿಲ್ಲ. ಕಾರಣವನ್ನು ಅರಿಯದ ಗಾಯಕ್ಕೆ ನಿವಾರಣೆಯೂ ಇಲ್ಲ. ಬಳ್ಳಾರಿ ನಗರ, ಸಿರುಗುಪ್ಪ ಮತ್ತು ಕುರುಗೋಡುಗಳನ್ನು ಉದಾಹರಣೆಯಾಗಿ ಇಟ್ಟುಕೊಂಡು ಈ ಮಾತನ್ನು ವಿಶದಪಡಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

೨. ಪ್ರಾಚೀನ ಪರಂಪರೆ

ಗಾಯದ ಚಿಕಿತ್ಸೆಯ ಅರಿವು ನಮ್ಮ ದೇಶದಲ್ಲಿ ಹಳೆಯದು. ಸುಶ್ರುತಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಸದ್ಯೋವ್ರಣಗಳಿಗೆ, ಅಂದರೆ ಆಗತಾನೆ ಆದ ಗಾಯಗಳಿಗೆ, ಒಂದು ಅಧ್ಯಾಯವೂ ಮೂಳೆ ಮುರಿತಕ್ಕೆ ಮತ್ತೊಂದು ಅಧ್ಯಾಯವೂ ಮೀಸಲಾಗಿವೆ. ಛಿನ್ನ, ಭಿನ್ನ, ವಿದ್ಧ, ಕ್ಷತ, ಪಿಚ್ಚಿತ, ಘೃಷ್ಟ ಎಂದು ಗಾಯಗಳನ್ನು ಆರು ಬಗೆಯಾಗಿ ವಿಂಗಡಿಸಿ, ಮುರಿದ ಅವಯವಕ್ಕೆ ಬಿದಿರಿನ ಅಥವಾ ಮರದ ತೊಗಟೆಯ ದಬ್ಬೆ ಕಟ್ಟುವ ಕ್ರಮವನ್ನು ಅಲ್ಲಿ ಹೇಳಿದೆ. ಬಳ್ಳಿಗಾವೆಯ ಕೋಡಿಯ ಮಠವು ಅನಾಥರಿಗೆ ಅನ್ನವನ್ನೂ ರೋಗಿಗಳಿಗೆ ಔಷಧವನ್ನೂ ಒದಗಿಸುವ ಸ್ಥಾನವಾಗಿದ್ದಿತೆಂದು ೧೧೬೨ರ ಶಾಸನದಿಂದ ತಿಳಿಯುತ್ತದೆ.

ಆದಕಾರಣ ನಮ್ಮ ಪೂರ್ವಜರಲ್ಲಿ ಕೊರತೆಯಿದ್ದುದು ಕರುಣೆಯದೂ ಅಲ್ಲ, ಕೈಚಳಕದದೂ ಅಲ್ಲ. ಗಾಯಾಳುವನ್ನು ವೈದ್ಯನ ಬಳಿಗೆ ಸಕಾಲದಲ್ಲಿ ತಲುಪಿಸುವ ವ್ಯವಸ್ಥೆ, ಒಬ್ಬನ ಗಾಯದಿಂದ ಮತ್ತೊಬ್ಬನು ಪಾಠ ಕಲಿಯುವ ವ್ಯವಸ್ಥೆ, ಇವೆರಡೂ ಇರಲಿಲ್ಲ. ಅಂದು ಅದು ಅನಿವಾರ್ಯವಾಗಿದ್ದಿತು, ಇಂದು ಹಾಗಲ್ಲ.

೩. ಕಾಲುವೆ, ಯಂತ್ರ, ರಸ್ತೆ

ಬಳ್ಳಾರಿ ಸೀಮೆಯಲ್ಲಿ ಗಾಯಗಳ ಸ್ವರೂಪವು ಬದಲಾದುದಕ್ಕೆ ೧೯೫೩ನೆಯ ವರ್ಷವನ್ನು ಒಂದು ಗಡಿಯಾಗಿ ಭಾವಿಸಬಹುದು. ಆ ವರ್ಷದ ಅಕ್ಟೋಬರ್ ೧ರಂದು ಬಳ್ಳಾರಿಯು ಮದ್ರಾಸಿನಿಂದ ಬೇರ್ಪಟ್ಟು ಮೈಸೂರು ರಾಜ್ಯವನ್ನು ಸೇರಿತು; ಅದೇ ವರ್ಷ ತುಂಗಭದ್ರಾ ಜಲಾಶಯದ ನೀರು ಕಾಲುವೆಗಳಿಗೆ ಹರಿಯಿತು. ಜೋಳ, ಹತ್ತಿಗಳ ಒಣಬೇಸಾಯವು ಪ್ರಧಾನವಾಗಿದ್ದ ಎರೆಭೂಮಿಯಲ್ಲಿ ಭತ್ತದ ಗದ್ದೆಗಳು ಹರಡಿದವು. ಸಿರುಗುಪ್ಪದ ಅಕ್ಕಿಗಿರಣಿಗಳು ಹೆಸರಾದವು. ಎತ್ತಿನ ಬಂಡಿಯ ಸ್ಥಾನಕ್ಕೆ ಟ್ರ್ಯಾಕ್ಟರೂ ಕಣದ ರೋಣಗಲ್ಲಿನ ಸ್ಥಾನಕ್ಕೆ ಒಕ್ಕಣೆಯ ಯಂತ್ರವೂ ಬಂದವು.

ಒಂದೊಂದು ಅನುಕೂಲದೊಡನೆ ಒಂದೊಂದು ಅಪಾಯವೂ ಸೇರಿಕೊಂಡಿತು. ತಿರುಗುವ ಬೆಲ್ಟಿಗೆ ಸೆರಗು ಅಥವಾ ಪಂಚೆ ಸಿಕ್ಕುವುದು, ಯಂತ್ರದ ಬಾಯಿಗೆ ಕೈ ಹೋಗುವುದು, ದೀಪವಿಲ್ಲದೆ ರಸ್ತೆಯಂಚಿನಲ್ಲಿ ನಿಂತ ಟ್ರೇಲರಿಗೆ ರಾತ್ರಿ ದ್ವಿಚಕ್ರ ವಾಹನವು ಬಡಿಯುವುದು, ಕಾಲುವೆಯ ಜಾರು ದಂಡೆಯಿಂದ ಮಕ್ಕಳು ಬೀಳುವುದು, ನಾಟಿಯ ಮತ್ತು ಕೊಯ್ಲಿನ ಕಾಲದಲ್ಲಿ ಹಾವು ಕಚ್ಚುವುದು—ಇವು ನೀರಾವರಿಯ ನಾಡಿನ ಗಾಯಗಳು.

ಕುರುಗೋಡು ಕಲ್ಯಾಣದ ಚಾಲುಕ್ಯರ ಸಾಮಂತರಾದ ಸಿಂದರ ರಾಜಧಾನಿ. ದೊಡ್ಡಬಸವೇಶ್ವರನ ಬೃಹತ್ ನಂದಿಯಿಂದ ಪ್ರಸಿದ್ಧವಾದ ಊರು. ಇಲ್ಲಿ ಬಂಡೆಗಲ್ಲಿನ ಬೆಟ್ಟಗಳೂ ಹತ್ತಿ ಮೆಣಸಿನಕಾಯಿಗಳ ಹೊಲಗಳೂ ಅಕ್ಕಪಕ್ಕದಲ್ಲಿವೆ. ಬಂಡೆಯ ಮೇಲಿಂದ ಬೀಳುವುದು, ಹೇರು ಮೀರಿದ ವಾಹನದಲ್ಲಿ ಕೂಲಿಯವರನ್ನು ಕುಳ್ಳಿರಿಸಿ ಸಾಗಿಸುವುದು, ರಸ್ತೆಯ ಮೇಲೆ ಫಸಲು ಒಣಹಾಕುವುದು—ಇವು ಇಂಥ ಊರುಗಳಲ್ಲಿ ಗಮನಿಸತಕ್ಕ ಅಪಾಯಗಳು.

ಬಳ್ಳಾರಿ ನಗರದ ವಿಷಯವು ಬೇರೆ. ಜೇವರ್ಗಿಯಿಂದ ಸಿರುಗುಪ್ಪದ ಮೂಲಕ ಚಾಮರಾಜನಗರದತ್ತ ಸಾಗುವ ೧೫೦ಎ ಸಂಖ್ಯೆಯ ರಾಷ್ಟ್ರೀಯ ಹೆದ್ದಾರಿಯೂ ಹುಬ್ಬಳ್ಳಿಯ ಕಡೆಯಿಂದ ಗುತ್ತಿಯತ್ತ ಹೋಗುವ ೬೭ನೆಯ ಹೆದ್ದಾರಿಯೂ ಇಲ್ಲಿ ಸಂಧಿಸುತ್ತವೆ. ಸಂಡೂರಿನ ಕಬ್ಬಿಣದ ಅದಿರಿನ ವ್ಯಾಪಾರವು ಈ ಶತಮಾನದ ಮೊದಲ ದಶಕದಲ್ಲಿ ಉಬ್ಬರಿಸಿದಾಗ ಈ ಸೀಮೆಯ ರಸ್ತೆಗಳು ಅದಿರಿನ ಲಾರಿಗಳಿಂದ ತುಂಬಿದವು. ೨೦೧೧ರಲ್ಲಿ ಸರ್ವೋಚ್ಚ ನ್ಯಾಯಾಲಯವು ಗಣಿಗಾರಿಕೆಯನ್ನು ತಡೆಹಿಡಿದುದು ಪ್ರಸಿದ್ಧವಾದ ವಿಷಯ. ಅದಿರು ಎಷ್ಟು ಟನ್ನು ಸಾಗಿತೆಂಬ ಲೆಕ್ಕವನ್ನು ನಾಡೆಲ್ಲ ಚರ್ಚಿಸಿತು. ಆ ಲಾರಿಗಳ ಹಾದಿಯಲ್ಲಿ ಎಷ್ಟು ಜನರ ಕಾಲು ಮುರಿಯಿತೆಂಬ ಪ್ರಶ್ನೆಯು ಅಂಥ ಚರ್ಚೆಗೆ ವಿಷಯವಾಗಲಿಲ್ಲ.

೪. ಬಿದ್ದ ಸ್ಥಳದಿಂದ ಆಸ್ಪತ್ರೆಯವರೆಗೆ

ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಮಹಾವಿದ್ಯಾಲಯವು ೧೯೬೧ರಲ್ಲಿ ಸ್ಥಾಪಿತವಾಯಿತು. ಮುಂದೆ ಅದು ವಿಜಯನಗರ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಾಗಿ, ಜನರ ಬಾಯಲ್ಲಿ ವಿಮ್ಸ್ ಆಗಿ, ಸುತ್ತಲಿನ ಜಿಲ್ಲೆಗಳಿಗೂ ಆಂಧ್ರದ ಗಡಿಯ ಹಳ್ಳಿಗಳಿಗೂ ಆಶ್ರಯವಾಯಿತು. ಪ್ರಧಾನಮಂತ್ರಿ ಸ್ವಾಸ್ಥ್ಯ ಸುರಕ್ಷಾ ಯೋಜನೆಯಲ್ಲಿ ನಿರ್ಮಿತವಾದ ಅದರ ಟ್ರಾಮಾ ಕೇರ್ ಕೇಂದ್ರವು ೨೦೨೦ರ ಆಗಸ್ಟಿನಲ್ಲಿ ಉದ್ಘಾಟನೆಗೊಂಡಿತು.

ಇಂಥ ಕೇಂದ್ರದಲ್ಲಿ ನಡೆಯುವ ಚಿಕಿತ್ಸೆಯ ಕ್ರಮವನ್ನು ಸಾಮಾನ್ಯ ವಾಚಕರೂ ತಿಳಿದಿರುವುದು ಒಳ್ಳೆಯದು. ಕಣ್ಣಿಗೆ ಭೀಕರವಾಗಿ ಕಾಣುವ ಗಾಯವನ್ನು ವೈದ್ಯರು ಮೊದಲು ನೋಡುವುದಿಲ್ಲ. ಉಸಿರಿನ ದಾರಿ ತೆರೆದಿದೆಯೆ, ಉಸಿರಾಟ ಸರಿಯಾಗಿದೆಯೆ, ರಕ್ತ ಸೋರುತ್ತಿದೆಯೆ, ಪ್ರಜ್ಞೆ ಎಷ್ಟಿದೆ, ಬಟ್ಟೆಯ ಮರೆಯಲ್ಲಿ ಬೇರೆ ಪೆಟ್ಟುಗಳಿವೆಯೆ—ಈ ಐದನ್ನು ಇದೇ ಕ್ರಮದಲ್ಲಿ ಪರೀಕ್ಷಿಸುತ್ತಾರೆ. ೧೯೭೬ರಲ್ಲಿ ಅಮೆರಿಕದ ನೆಬ್ರಾಸ್ಕದಲ್ಲಿ ಜೇಮ್ಸ್ ಸ್ಟೈನರ್ ಎಂಬ ಮೂಳೆವೈದ್ಯರು ತಮ್ಮ ಕುಟುಂಬದೊಡನೆ ವಿಮಾನಾಪಘಾತಕ್ಕೆ ಸಿಕ್ಕಿದರು. ಗ್ರಾಮಾಂತರದ ಆಸ್ಪತ್ರೆಯಲ್ಲಿ ದೊರೆತ ಶುಶ್ರೂಷೆಯ ಅಸ್ತವ್ಯಸ್ತತೆಯನ್ನು ಕಂಡು ಅವರು ಆರಂಭಿಸಿದ ಪ್ರಯತ್ನದಿಂದ ೧೯೭೮ರಲ್ಲಿ ಈ ಕ್ರಮದ ಶಿಕ್ಷಣವು ರೂಪುಗೊಂಡಿತು. ಅನಂತರ ಲೋಕದ ನಾನಾ ಭಾಗಗಳಿಗೆ ಹಬ್ಬಿತು.

ಕ್ರಮದಷ್ಟೇ ಮುಖ್ಯವಾದುದು ಕಾಲ. ೪೦ ದೇಶಗಳ ೨೦,೦೦೦ಕ್ಕೂ ಹೆಚ್ಚು ಗಾಯಾಳುಗಳನ್ನು ಒಳಗೊಂಡು ೨೦೧೦ರಲ್ಲಿ ಪ್ರಕಟವಾದ ಒಂದು ಮಹಾಪ್ರಯೋಗದಲ್ಲಿ ಭಾರತದ ಆಸ್ಪತ್ರೆಗಳೂ ಪಾಲುಗೊಂಡಿದ್ದವು. ಟ್ರಾನೆಕ್ಸಾಮಿಕ್ ಆಮ್ಲವೆಂಬ ಅಗ್ಗದ ಔಷಧವನ್ನು ಗಾಯವಾದ ಮೂರು ಗಂಟೆಗಳೊಳಗೆ ಕೊಟ್ಟರೆ ರಕ್ತಸ್ರಾವದಿಂದಾಗುವ ಮರಣಗಳು ಕಡಿಮೆಯಾಗುತ್ತವೆ. ಆ ಅವಧಿ ಮೀರಿದರೆ ಉಪಕಾರವಿಲ್ಲ, ಅಪಕಾರವೂ ಆಗಬಹುದು ಎಂದು ಅದರ ಫಲಿತಾಂಶಗಳಿಂದ ಗೊತ್ತಾಯಿತು. ಸಿರುಗುಪ್ಪದಿಂದ ಬಳ್ಳಾರಿಗೆ ಸುಮಾರು ೫೫ ಕಿಲೋಮೀಟರು. ಕುರುಗೋಡಿನಿಂದ ಅದರ ಅರ್ಧದಷ್ಟು. ದಾರಿ ದೊಡ್ಡದಲ್ಲ. ಗದ್ದೆಯಿಂದ ಮನೆಗೆ, ಮನೆಯಿಂದ ನಾಟಿವೈದ್ಯರಲ್ಲಿಗೆ, ಅಲ್ಲಿಂದ ತಾಲ್ಲೂಕು ಆಸ್ಪತ್ರೆಗೆ, ಕೊನೆಗೆ ನಗರಕ್ಕೆ ಎಂದು ಗಾಯಾಳುವು ಸುತ್ತಿದರೆ ಮಾತ್ರ ಆ ಮೂರು ಗಂಟೆಗಳು ಹಾದಿಯಲ್ಲೇ ಕಳೆದುಹೋಗುತ್ತವೆ.

ಈ ಅಲೆದಾಟವನ್ನು ತಪ್ಪಿಸಲು ಸಾಧನಗಳಿವೆ. ೧೦೮ ಸಂಖ್ಯೆಯ ಆರೋಗ್ಯ ಕವಚ ಆಂಬುಲೆನ್ಸ್ ಸೇವೆಯು ಕರ್ನಾಟಕದಲ್ಲಿ ೨೦೦೮ರ ನವೆಂಬರಿನಲ್ಲಿ ಆರಂಭವಾಯಿತು. ಪೊಲೀಸು ವಿಧಿಗಳು ಮುಗಿಯಲೆಂದು ಕಾಯದೆ ಗಾಯಾಳುವಿನ ಪ್ರಾಣವನ್ನು ಉಳಿಸಲು ಯತ್ನಿಸುವುದು ಪ್ರತಿಯೊಬ್ಬ ವೈದ್ಯನ ಕರ್ತವ್ಯವೆಂದು ಸರ್ವೋಚ್ಚ ನ್ಯಾಯಾಲಯವು ಪರಮಾನಂದ ಕಟಾರಾ ಮೊಕದ್ದಮೆಯಲ್ಲಿ ೧೯೮೯ರಲ್ಲಿಯೇ ತೀರ್ಪಿತ್ತಿತು. ನೆರವಿಗೆ ಬಂದವರನ್ನು ಪೀಡಿಸಬಾರದೆಂಬ ಮಾರ್ಗಸೂಚಿಗಳಿಗೆ ೨೦೧೬ರಲ್ಲಿ ಅದೇ ನ್ಯಾಯಾಲಯವು ಮಾನ್ಯತೆಯನ್ನಿತ್ತಿತು; ಮೋಟಾರು ವಾಹನಗಳ ಕಾಯಿದೆಗೆ ೨೦೧೯ರಲ್ಲಿ ಆದ ತಿದ್ದುಪಡಿಯು ಆ ರಕ್ಷಣೆಯನ್ನು ಶಾಸನಬದ್ಧಗೊಳಿಸಿತು. ಅಪಘಾತಕ್ಕೀಡಾದವನನ್ನು ಸದ್ಭಾವದಿಂದ ಆಸ್ಪತ್ರೆಗೆ ತಂದವನು ತನ್ನ ಹೆಸರು ಹೇಳಲೇಬೇಕೆಂಬ ನಿರ್ಬಂಧವಿಲ್ಲ. ಗಾಯಾಳುವಿಗೆ ಏನಾದರೂ ಆದರೆ ಅವನು ಹೊಣೆಗಾರನೂ ಅಲ್ಲ. ರಸ್ತೆ ಅಪಘಾತದ ಗಾಯಾಳುವಿಗೆ ಏಳು ದಿನಗಳವರೆಗೆ, ಒಂದೂವರೆ ಲಕ್ಷ ರೂಪಾಯಿಗಳ ಮಿತಿಯಲ್ಲಿ, ನಗದು ಕೇಳದೆ ಚಿಕಿತ್ಸೆ ನೀಡುವ ಯೋಜನೆಯನ್ನು ಕೇಂದ್ರ ಸರ್ಕಾರವು ೨೦೨೫ರಲ್ಲಿ ಪ್ರಕಟಿಸಿತು. ಹೀಗಿದ್ದರೂ "ಮುಟ್ಟಿದರೆ ಕೇಸಾಗುತ್ತದೆ" ಎಂಬ ಹಳೆಯ ಅಂಜಿಕೆಯು ಜನರನ್ನು ಬಿಟ್ಟಿಲ್ಲ. ಕಾನೂನು ಬದಲಾದ ಮೇಲೂ ಅದರ ನೆರಳು ಉಳಿದಿರುವುದು ಚರಿತ್ರೆಯಲ್ಲಿ ಹೊಸದಲ್ಲ.

೫. ಜನಸಾಮಾನ್ಯರು ಮಾಡಬಹುದಾದುದು

ಅಮೆರಿಕದ ವೈದ್ಯ ವಿಲಿಯಂ ಹ್ಯಾಡನ್ ಅವರು ಅಪಘಾತವನ್ನು ಪೂರ್ವಾವಸ್ಥೆ, ಘಟನೆಯ ಕ್ಷಣ, ಉತ್ತರಾವಸ್ಥೆ ಎಂದು ಮೂರು ಘಟ್ಟಗಳಾಗಿ ವಿಂಗಡಿಸಿದರು. ಪ್ರತಿ ಘಟ್ಟದಲ್ಲಿಯೂ ತಡೆಯುವ ಅವಕಾಶವುಂಟೆಂಬುದು ಅವರ ವಾದದ ಸಾರ.

ಪೂರ್ವಾವಸ್ಥೆಯ ಉಪಾಯಗಳು ಬಹುಪಾಲು ಸುಲಭವಾದವು. ಒಕ್ಕಣೆಯ ಯಂತ್ರದ ಬೆಲ್ಟಿಗೆ ಮುಚ್ಚಿಗೆ ಹಾಕುವುದು, ಕೆಲಸಕ್ಕೆ ಮುನ್ನ ಸೆರಗನ್ನು ಬಿಗಿಯಾಗಿ ಸಿಕ್ಕಿಸುವುದು, ಟ್ರೇಲರಿನ ಹಿಂದೆ ಹೊಳೆಯುವ ಕೆಂಪು ಪಟ್ಟಿ ಅಂಟಿಸುವುದು, ಮಾಳಿಗೆಗೆ ಕೈಪಿಡಿಗೋಡೆ ಕಟ್ಟುವುದು, ಇರುಳಿನಲ್ಲಿ ಗದ್ದೆಗೆ ಹೋಗುವಾಗ ಬ್ಯಾಟರಿಯನ್ನೂ ಉದ್ದನೆಯ ಬೂಟನ್ನೂ ಬಳಸುವುದು—ಇವಕ್ಕೆ ಆಗುವ ಖರ್ಚು ಒಂದು ದಿನದ ಆಸ್ಪತ್ರೆವಾಸದ ನಷ್ಟಕ್ಕೆ ಸಮನಲ್ಲ. ಘಟನೆಯ ಕ್ಷಣದಲ್ಲಿ ಕಾಯುವುದು ಹೆಲ್ಮೆಟ್. ಅದು ದ್ವಿಚಕ್ರ ಸವಾರನ ಮರಣದ ಸಂಭವವನ್ನು ನೂರಕ್ಕೆ ಸುಮಾರು ೪೦ರಷ್ಟೂ ತಲೆಯ ಗಾಯದ ಸಂಭವವನ್ನು ಸುಮಾರು ೭೦ರಷ್ಟೂ ತಗ್ಗಿಸುತ್ತದೆಂದು ಅಧ್ಯಯನಗಳು ತೋರಿಸಿವೆ. ಗದ್ದದ ಪಟ್ಟಿಯನ್ನು ಬಿಗಿಯದ ಹೆಲ್ಮೆಟ್ ಬಿದ್ದ ಕ್ಷಣದಲ್ಲಿಯೇ ಹಾರಿಹೋಗುತ್ತದೆ. ಬಳ್ಳಾರಿಯ ಬೇಸಗೆಯ ಸೆಕೆಯು ಅದನ್ನು ಕೈಗೆ ತೂಗುಹಾಕಿಕೊಳ್ಳಲು ಸಾಕಾದ ಸಬೂಬಲ್ಲ.

ಉತ್ತರಾವಸ್ಥೆಯಲ್ಲಿ ಮಾಡತಕ್ಕುದನ್ನು ಸಂಗ್ರಹವಾಗಿ ಹೇಳಬಹುದು. ರಕ್ತ ಸುರಿಯುವ ಗಾಯದ ಮೇಲೆ ಶುಚಿಯಾದ ಬಟ್ಟೆಯನ್ನಿಟ್ಟು ಬಿಡದೆ ಒತ್ತಿ ಹಿಡಿಯಬೇಕು. ಕುತ್ತಿಗೆ ಅಥವಾ ಬೆನ್ನಿಗೆ ಪೆಟ್ಟಾದ ಸಂಶಯವಿದ್ದರೆ ಗಾಯಾಳುವನ್ನು ಎಬ್ಬಿಸಿ ಕೂರಿಸಬಾರದು. ಪ್ರಜ್ಞೆಯಿಲ್ಲದವನ ಬಾಯಿಗೆ ನೀರು ಹಾಕಬಾರದು. ಅದು ಶ್ವಾಸಕೋಶವನ್ನು ಸೇರಬಹುದು. ಸುಟ್ಟ ಜಾಗದ ಮೇಲೆ ಇಪ್ಪತ್ತು ನಿಮಿಷ ಹರಿಯುವ ತಣ್ಣೀರನ್ನು ಬಿಡಬೇಕೇ ಹೊರತು ಮಸಿಯನ್ನಾಗಲಿ ಹಿಟ್ಟನ್ನಾಗಲಿ ಬಳಿಯಬಾರದು. ಹಾವು ಕಚ್ಚಿದಲ್ಲಿ ಕೊಯ್ಯುವುದು, ಹೀರುವುದು, ಬಿಗಿಯಾಗಿ ಹಗ್ಗ ಕಟ್ಟುವುದು ಹಾನಿಕರ. ಕಚ್ಚಿದ ಅವಯವವನ್ನು ಅಲುಗಾಡಿಸದೆ ಪ್ರತಿವಿಷವಿರುವ ಆಸ್ಪತ್ರೆಗೆ ನೇರವಾಗಿ ಒಯ್ಯಬೇಕು. ಕತ್ತರಿಸಿಹೋದ ಬೆರಳನ್ನು ಒದ್ದೆಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಆ ಚೀಲವನ್ನು ಮಂಜುಗಡ್ಡೆಯ ಮೇಲಿರಿಸಿ ತರಬೇಕು. ಬೆರಳಿಗೆ ಮಂಜುಗಡ್ಡೆಯು ನೇರವಾಗಿ ತಾಗಬಾರದು.

೬. ದಾಖಲೆಯ ಪ್ರಶ್ನೆ

ಹೆಲ್ಮೆಟ್ಟಿನ ಚರಿತ್ರೆಯೇ ನಮ್ಮ ವಾದಕ್ಕೆ ಉತ್ತಮ ನಿದರ್ಶನ. ೧೯೩೫ರಲ್ಲಿ ಟಿ. ಇ. ಲಾರೆನ್ಸ್ ಮೋಟಾರು ಸೈಕಲಿನಿಂದ ಬಿದ್ದು ತಲೆಗೆ ಪೆಟ್ಟಾಗಿ ಮರಣ ಹೊಂದಿದಾಗ ಅವರ ಶುಶ್ರೂಷೆಯಲ್ಲಿ ಭಾಗಿಯಾಗಿದ್ದ ಹ್ಯೂ ಕೇರ್ನ್ಸ್ ಎಂಬ ಮಿದುಳಿನ ಶಸ್ತ್ರವೈದ್ಯರು ಅದನ್ನು ವಿಧಿಯೆಂದು ಬಿಡಲಿಲ್ಲ. ಮೋಟಾರು ಸೈಕಲ್ ಸವಾರರ ತಲೆಯ ಗಾಯಗಳ ವಿವರಗಳನ್ನು ಕೂಡಿಸಿ ೧೯೪೧ರಲ್ಲಿ ಪ್ರಕಟಿಸಿದರು. ಬ್ರಿಟಿಷ್ ಸೈನ್ಯವು ತನ್ನ ಸುದ್ದಿವಾಹಕ ಸವಾರರಿಗೆ ಶಿರಸ್ತ್ರಾಣವನ್ನು ಕಡ್ಡಾಯ ಮಾಡಿತು. ೧೯೭೩ರಲ್ಲಿ ಆ ದೇಶದ ಎಲ್ಲ ಮೋಟಾರು ಸೈಕಲ್ ಸವಾರರಿಗೂ ಕಾನೂನು ಬಂದಿತು. ವೈದ್ಯನೊಬ್ಬನ ಲೆಕ್ಕದ ಪುಸ್ತಕವು ಅವನ ಶಸ್ತ್ರಕ್ಕಿಂತ ಹೆಚ್ಚು ತಲೆಗಳನ್ನು ಉಳಿಸಿತು.

ಕರ್ನಾಟಕವೂ ಈ ಮಾರ್ಗದಲ್ಲಿ ಒಂದು ಹೆಜ್ಜೆಯನ್ನಿಟ್ಟಿದೆ. ಹಾವಿನ ಕಡಿತದ ಪ್ರಕರಣಗಳನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕೆಂದು ೨೦೨೪ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರವು ಅಧಿಸೂಚಿಸಿತು. ಎಲ್ಲಿ, ಯಾವ ಮಾಸದಲ್ಲಿ ಕಡಿತಗಳು ಹೆಚ್ಚೆಂಬುದು ತಿಳಿದರೆ ಪ್ರತಿವಿಷವನ್ನು ಅಲ್ಲಿಗೆ ಮುಂಚಿತವಾಗಿ ಕಳುಹಬಹುದು. ಹಾವಿನ ವಿಷಯದಲ್ಲಿ ಸಾಧ್ಯವಾದುದು ಒಕ್ಕಣೆಯ ಯಂತ್ರದ ವಿಷಯದಲ್ಲಿ ಏಕೆ ಸಾಧ್ಯವಾಗಬಾರದು?

ಪ್ರತಿ ಸರ್ಕಾರಿ ಆಸ್ಪತ್ರೆಯಲ್ಲಿಯೂ ಎಂ.ಎಲ್.ಸಿ. ರಿಜಿಸ್ಟರು ಇರುತ್ತದೆ. ಆದರೆ ಅದು ನ್ಯಾಯಾಲಯದ ಪ್ರಶ್ನೆಗಳಿಗೆ ಉತ್ತರವೀಯಲು ರಚಿತವಾದುದು. ಗಾಯದ ಉದ್ದಗಲಗಳು ಅದರಲ್ಲಿ ದೊರೆಯುತ್ತವೆ. ಬೆಲ್ಟಿಗೆ ಮುಚ್ಚಿಗೆಯಿದ್ದಿತೆ, ಬೀದಿದೀಪ ಉರಿಯುತ್ತಿದ್ದಿತೆ, ಗಾಯಾಳುವು ಎಷ್ಟು ಕಡೆ ಸುತ್ತಿ ಬಂದನು ಎಂಬುವನ್ನು ಕೇಳುವುದು ಅದರ ಕೆಲಸವಲ್ಲ. ಆದುದರಿಂದ ಬಳ್ಳಾರಿಯ ದೊಡ್ಡಾಸ್ಪತ್ರೆಯಲ್ಲಿಯೂ ಸಿರುಗುಪ್ಪ, ಕುರುಗೋಡುಗಳ ಸರ್ಕಾರಿ ಆಸ್ಪತ್ರೆಗಳಲ್ಲಿಯೂ ಹೆಸರಿಲ್ಲದ ಒಂದು ಪ್ರತ್ಯೇಕ ವಹಿಯನ್ನು ಇಡುವುದು ಯುಕ್ತವೆಂದು ನಾವು ಸೂಚಿಸುತ್ತೇವೆ. ಸ್ಥಳ, ವೇಳೆ, ಮಾಡುತ್ತಿದ್ದ ಕೆಲಸ, ಗಾಯಕ್ಕೆ ಕಾರಣವಾದ ವಸ್ತು, ಇದ್ದ ಅಥವಾ ಇರದಿದ್ದ ರಕ್ಷಣೆ, ಆಸ್ಪತ್ರೆ ಸೇರಲು ಹಿಡಿದ ಕಾಲ—ಈ ಆರು ಕಲಮುಗಳು ಸಾಕು. ವರ್ಷಕ್ಕೊಮ್ಮೆ ಅವುಗಳನ್ನು ಕೂಡಿಸಿ ಪಂಚಾಯತಿ, ಪುರಸಭೆ, ಲೋಕೋಪಯೋಗಿ ಇಲಾಖೆಗಳ ಮುಂದಿಡಬೇಕು. ದಾಖಲೆಗಳನ್ನು ಓದುವುದರಲ್ಲಿ ಪಳಗಿದ ಚರಿತ್ರೆಯ ವಿದ್ಯಾರ್ಥಿಗಳು ಈ ಕಾರ್ಯದಲ್ಲಿ ನೆರವಾಗಬಲ್ಲರು.

೭. ಉಪಸಂಹಾರ

ಮೇಲಣ ವಿವೇಚನೆಯಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಗಾಯಾಳುವಿನ ಚಿಕಿತ್ಸೆಯು ಆಸ್ಪತ್ರೆಯ ಬಾಗಿಲಲ್ಲಿ ಮೊದಲಾಗುವುದಿಲ್ಲ. ಅವನು ಬಿದ್ದ ಸ್ಥಳದಲ್ಲಿ, ಅವನನ್ನು ಮೊದಲು ಕಂಡವರ ಕೈಯಲ್ಲಿ ಮೊದಲಾಗುತ್ತದೆ. ಒಬ್ಬನ ಗಾಯವು ಬರವಣಿಗೆಗೆ ಇಳಿಯದಿದ್ದರೆ ಅದೇ ತಿರುವಿನಲ್ಲಿ, ಅದೇ ಯಂತ್ರದಲ್ಲಿ ಮತ್ತೊಬ್ಬನಿಗೆ ಅದೇ ಗಾಯವು ಕಾದಿರುತ್ತದೆ. ತುರುಗಾಳಗದಲ್ಲಿ ಬಿದ್ದವನ ಹೆಸರನ್ನು ಕಲ್ಲಿನಲ್ಲಿ ಕೊರೆದ ನಾಡು, ಭತ್ತ ಒಕ್ಕುವಾಗ ಕೈ ಕಳೆದುಕೊಂಡವಳಿಗಾಗಿ ಕಾಗದದ ಮೇಲೆ ಒಂದು ಸಾಲನ್ನು ಬರೆಯುವುದು ಅಶಕ್ಯವೇನೂ ಅಲ್ಲ.