ಸ್ಪೀಡ್ ಎಷ್ಟು ಅಂತ ಕೇಳಬೇಡಿ!

ಸೈಕಲ್ ಹೊಡೀತೀನಿ ಅಂದ ಕೂಡಲೇ ಎಲ್ಲರೂ ಕೇಳೋದು ಒಂದೇ ಪ್ರಶ್ನೆ: ‘ಎಷ್ಟು ಸ್ಪೀಡ್ ಹೋಗ್ತೀರಾ?’ ‘ಇಪ್ಪತ್ತು, ಇಪ್ಪತ್ತೆರಡು’ ಅಂದರೆ ಕೇಳಿದವರ ಮುಖದಲ್ಲಿ ಸಣ್ಣ ನಿರಾಸೆ. ಅದೇ ವೇಗದಲ್ಲಿ ಒಂದೇ ದಿನ 200 ಕಿ.ಮೀ. ಮುಗಿಸಬಹುದು ಅಂದರೆ ನಂಬೋದೇ ಇಲ್ಲ. ಲೆಕ್ಕ ಸರಳ, ಗಂಟೆಗೆ 20ರಂತೆ ಹತ್ತು ಗಂಟೆ. ಕಷ್ಟ ಇರೋದು ಆ ಇಪ್ಪತ್ತರಲ್ಲಲ್ಲ, ಹತ್ತರಲ್ಲಿ.

ದೂರದ ಸೈಕಲ್ ಸವಾರಿಯಲ್ಲಿ ‘ಬ್ರೆವೆ’ ಎಂಬ ಪದ್ಧತಿಯಿದೆ. ನಿಯಮಗಳು ಫ್ರಾನ್ಸ್‌ನ ಆಡಾಕ್ಸ್ ಕ್ಲಬ್ ಪ್ಯಾರಿಸಿಯನ್‌ನವು. ನಮ್ಮಲ್ಲಿ ಬೆಂಗಳೂರೂ ಸೇರಿದಂತೆ ಹಲವು ಊರುಗಳಲ್ಲಿ ನಡೆಯುತ್ತವೆ. 200 ಕಿ.ಮೀ.ಗೆ ಹದಿಮೂರೂವರೆ ಗಂಟೆ, 300ಕ್ಕೆ 20, 400ಕ್ಕೆ 27, 600ಕ್ಕೆ 40 ಗಂಟೆ. ಒಂದೇ ಸೀಸನ್‌ನಲ್ಲಿ ನಾಲ್ಕನ್ನೂ ಮುಗಿಸಿದವರು ‘ಸೂಪರ್ ರಾಂಡನರ್’. ಇದು ರೇಸ್ ಅಲ್ಲ, ಫಸ್ಟು ಸೆಕೆಂಡು ಅಂತ ಏನೂ ಇಲ್ಲ. ಮೊದಲು ಬಂದವರಿಗೂ ಕೊನೇ ನಿಮಿಷದಲ್ಲಿ ಬಂದವರಿಗೂ ಒಂದೇ ಮರ್ಯಾದೆ.

ಗಾಳಿಯ ಲೆಕ್ಕ

ಬೆಳಗಿನ ತಂಪಿನಲ್ಲಿ ಎಲ್ಲರಿಗೂ ಹುರುಪು. ಮೂವತ್ತರಲ್ಲಿ ನುಗ್ಗುವವರು ನನ್ನನ್ನು ದಾಟಿ ಹೋಗುತ್ತಾರೆ. ಆದರೆ ಗಾಳಿ ಬಡ್ಡಿ ಸಮೇತ ವಸೂಲಿ ಮಾಡುತ್ತದೆ. ವೇಗವನ್ನು 20ರಿಂದ 30ಕ್ಕೆ ಏರಿಸಿದರೆ ಗಾಳಿಯನ್ನು ಸೀಳಲು ಬೇಕಾದ ಶಕ್ತಿ ಒಂದೂವರೆ ಪಟ್ಟಲ್ಲ, ಮೂರು ಪಟ್ಟಿಗೂ ಮಿಗಿಲು. ಮಧ್ಯಾಹ್ನದ ಹೊತ್ತಿಗೆ ಅಂಥವರಲ್ಲಿ ಹಲವರು ಯಾವುದೋ ಮರದ ನೆರಳಲ್ಲಿ ಕಾಲು ಚಾಚಿ ಕೂತಿರುತ್ತಾರೆ.

ಸಮಯ ಸೋರಿಹೋಗುವುದು ರಸ್ತೆಯಲ್ಲಿ ಅಲ್ಲ, ಟೀ ಅಂಗಡಿಯಲ್ಲಿ. ಆರು ಕಡೆ ಹತ್ತತ್ತು ನಿಮಿಷ ಜಾಸ್ತಿ ಕೂತರೆ ಒಂದು ಗಂಟೆ ಹೋಯಿತು, ಅಂದರೆ 20 ಕಿ.ಮೀ. ಹಾಗಾಗಿ ಅನುಭವಿಗಳು ಹೇಳುವ ಪಾಠ ತೀರಾ ಸಪ್ಪೆ: ಹಸಿವಾಗುವ ಮೊದಲೇ ತಿನ್ನು, ಬಾಯಾರುವ ಮೊದಲೇ ಕುಡಿ, ಏರಿನಲ್ಲಿ ಗೇರ್ ಇಳಿಸು, ಪೆಡಲ್‌ನ ಲಯ ಬಿಡಬೇಡ. ಸಪ್ಪೆ ಅನ್ನಿಸಿದರೂ ರಾತ್ರಿ ಹನ್ನೊಂದಕ್ಕೆ ಕೈ ಹಿಡಿಯೋದು ಇದೇ.

ವರ್ಷಪೂರ್ತಿ ಸವಾರಿ

ಇಂಗ್ಲೆಂಡಿನ ಟಾಮಿ ಗಾಡ್ವಿನ್ 1939ರಲ್ಲಿ ಒಂದೇ ವರ್ಷದಲ್ಲಿ 75,065 ಮೈಲಿ ಸೈಕಲ್ ತುಳಿದರು. ದಿನಕ್ಕೆ ಸರಾಸರಿ 331 ಕಿ.ಮೀ.! ಭಾರದ ಸ್ಟೀಲ್ ಸೈಕಲ್, ಬೆರಳೆಣಿಕೆಯ ಗೇರ್‌ಗಳು. ಸೆಪ್ಟೆಂಬರಿನಲ್ಲಿ ಮಹಾಯುದ್ಧ ಶುರುವಾಗಿ ಊರುಗಳು ಕತ್ತಲಾದ ಮೇಲೂ ಅವರು ನಿಲ್ಲಲಿಲ್ಲ. ಆ ದಾಖಲೆ ಎಪ್ಪತ್ತೈದು ವರ್ಷಕ್ಕೂ ಹೆಚ್ಚು ಕಾಲ ಹಾಗೇ ಉಳಿಯಿತು. ಮುಂದೆ 2017ರಲ್ಲಿ ಅಮೆರಿಕದ ಅಮಾಂಡಾ ಕೋಕರ್ ಒಂದು ವರ್ಷದ ಸವಾರಿಯನ್ನು 86,573 ಮೈಲಿಗೆ ಮುಗಿಸಿದರು. ಅದರ ಬಹುಪಾಲು ಫ್ಲಾರಿಡಾದ ಒಂದು ಪಾರ್ಕಿನ ಏಳು ಮೈಲಿ ದಾರಿಯಲ್ಲೇ, ಸುತ್ತು ಮೇಲೆ ಸುತ್ತು. ರೀಲ್ಸ್ ಮಾಡಲು ಲಾಯಕ್ಕಾದ ದೃಶ್ಯವೇನಲ್ಲ. ಮತ್ತದೇ ಮರ, ಅದೇ ತಿರುವು. ಆದರೆ ಹನಿ ಹನಿ ಗೂಡಿದರೆ ಹಳ್ಳ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ನಿಲ್ಲಿಸುವುದೂ ಅಭ್ಯಾಸವೇ

ನಿರಂತರತೆ ಅಂದರೆ ಹಟ ಅಂತ ತಿಳಿದವರು ಬಹಳ. ನಾನು ಹಾಗಂದುಕೊಳ್ಳೋದಿಲ್ಲ. ಒಂದು 600ರಲ್ಲಿ ಜೊತೆಗಿದ್ದ ಹಿರಿಯರೊಬ್ಬರು ನಡುರಾತ್ರಿ 430 ಕಿ.ಮೀ. ದಾಟಿದ ಮೇಲೆ ಪೆಟ್ರೋಲ್ ಬಂಕ್ ಹತ್ತಿರ ಸೈಕಲ್ ನಿಲ್ಲಿಸಿಬಿಟ್ಟರು. ‘ಕಣ್ಣು ಎಳೀತಿದೆ ಕಣಪ್ಪಾ, ಹೈವೇಲಿ ಲಾರಿ ಓಡಾಡೋ ಹೊತ್ತು. ನೀನು ಹೊರಡು’ ಅಂದರು. ಆಯೋಜಕರಿಗೆ ಫೋನ್ ಮಾಡಿ ಹೆಸರು ತೆಗೆಸಿದರು. ಪೇಪರಿನಲ್ಲಿ ಅದು ಡಿಎನ್‌ಎಫ್, ಅಂದರೆ ಪೂರೈಸಲಿಲ್ಲ. ಮುಂದಿನ ತಿಂಗಳ ಸವಾರಿಗೆ ಅವರು ನನಗಿಂತ ಮೊದಲೇ ಬಂದು ಟೈರಿಗೆ ಗಾಳಿ ಹೊಡೀತಿದ್ದರು.

ಒಂದು ದಿನ ತಪ್ಪಿದರೆ ಅಭ್ಯಾಸ ಸಾಯೋದಿಲ್ಲ. ‘ತಪ್ಪೇ ಹೋಯ್ತಲ್ಲ, ಇನ್ನೇನು’ ಅಂತ ಸೈಕಲ್ಲನ್ನು ಬಾಲ್ಕನಿಗೆ ದೂಡಿ ಅದರ ಮೇಲೆ ಬಟ್ಟೆ ಒಣಹಾಕಿದಾಗ ಸಾಯುತ್ತದೆ.

ಸೋಮವಾರಕ್ಕೂ ಇದೇ ಸೂತ್ರ

ನಮ್ಮ ಆಫೀಸ್ ಬದುಕೂ ಹಾಗೇ. ಅಪ್ರೈಸಲ್ ಹತ್ತಿರ ಬಂದಾಗ ರಾತ್ರಿಯಿಡೀ ಕೆಲಸ, ಆಮೇಲೆ ಎರಡು ವಾರ ಸುಸ್ತು. ಜನವರಿಯಲ್ಲಿ ಜಿಮ್‌ಗೆ ವರ್ಷದ ಫೀಸು, ಮಾರ್ಚ್‌ನಲ್ಲಿ ಬೆನ್ನುನೋವು. ಬದಲಿಗೆ ನಿಮಗೆ ಅತಿ ಕೆಟ್ಟ ದಿನದಲ್ಲೂ ಸಾಧ್ಯವಾಗುವ ಅಳತೆಯನ್ನು ಆರಿಸಿಕೊಳ್ಳಿ. ಓದಾದರೆ ಐದು ಪುಟ, ಉಳಿತಾಯವಾದರೆ ತಿಂಗಳಿಗೆ ಕೈಗೆಟುಕುವ ಒಂದು ಮೊತ್ತ, ಊರಲ್ಲಿರೋ ಅಮ್ಮನಿಗೆ ದಿನಾ ಐದು ನಿಮಿಷ ಫೋನು.

ಸೈಕಲ್ ಇದೆಯಾ? ವಾರಕ್ಕೆ ಮೂರು ದಿನ, ಅರ್ಧರ್ಧ ಗಂಟೆ ಸಾಕು. ಮೀಟರ್ ನೋಡಬೇಡಿ, ಕ್ಯಾಲೆಂಡರ್ ನೋಡಿ. ಆರು ತಿಂಗಳಾದ ಮೇಲೆ ಯಾರಾದರೂ ಸ್ಪೀಡ್ ಎಷ್ಟು ಅಂತ ಕೇಳಿದರೆ, ಎಷ್ಟು ದಿನದಿಂದ ತುಳೀತಿದ್ದೀರಿ ಅನ್ನೋದನ್ನ ಹೇಳಿ.