ಬಯಲುಸೀಮೆಯಿಂದ ಬೋಟ್ ಹತ್ತೋಣ ಬನ್ನಿ

ತುಮಕೂರು ಜಿಲ್ಲೆಗೆ ಸಮುದ್ರ ಇಲ್ಲ, ನಿಜ. ಆದ್ರೆ ಕುಣಿಗಲ್ ಮೇಲೆ ಹಾದು ಹೋಗೋ ಹೆದ್ದಾರಿ 75 ಇದೆಯಲ್ಲ, ಅದು ಹಾಸನ, ಸಕಲೇಶಪುರ ದಾಟಿ, ಶಿರಾಡಿ ಘಾಟಿ ಇಳಿದು ಸೀದಾ ಕರಾವಳಿಗೇ ಹೋಗುತ್ತೆ. ಗುಬ್ಬಿಯವರಾದ್ರೂ ಸರಿ, ರಾತ್ರಿ ಹೊರಟ್ರೆ ಬೆಳಗ್ಗೆ ಉಡುಪಿ. ಪಕ್ಕದಲ್ಲೇ ಮಲ್ಪೆ ಬಂದರು.

ಮೀನಿನ ವಾಸನೆ ದಾಟ್ಕೊಂಡು ಬೋಟ್ ಹತ್ತಿ. ಸುಮಾರು 6 ಕಿಲೋಮೀಟರ್ ಹೋದ್ರೆ ಸೇಂಟ್ ಮೇರೀಸ್ ದ್ವೀಪ. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿಳಿದು ಮೇರಿಯಮ್ಮನ ಹೆಸರಿಟ್ಟ ಅನ್ನೋದು ಪ್ರತೀತಿ. ಇರಲಿ ಬಿಡಿ, ಇಲ್ಲಿ ನೋಡಬೇಕಾದ್ದು ಗಾಮನನ್ನಲ್ಲ, ಕಲ್ಲನ್ನ.

ಹತ್ತಿರ ಹೋಗಿ. ಕಂಬ ಕಂಬವಾಗಿ ನಿಂತ ಬಂಡೆ. ತಲೆ ನೋಡಿದ್ರೆ ಒಂದಕ್ಕೆ ಐದು ಮೂಲೆ, ಇನ್ನೊಂದಕ್ಕೆ ಆರು. ಯಾರೂ ಉಳಿ ಹಿಡಿದಿಲ್ಲ! ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರೆಯಾಗೋ ಕಾಲದಲ್ಲಿ ಉಕ್ಕಿದ ಲಾವಾ ಇದು. ಆರುತ್ತಾ ಆರುತ್ತಾ ಕುಗ್ಗಿ, ಹೀಗೆ ಬಿರುಕು ಬಿಟ್ಟಿದೆ. ನಮ್ಮ ಮಧುಗಿರಿ ಬೆಟ್ಟದ ಗ್ರಾನೈಟಿಗೆ ಸುಮಾರು 250 ಕೋಟಿ ವರ್ಷ. ಅದರ ಮುಂದೆ ಇದು ಮೊನ್ನೆ ಮೊನ್ನೆಯದು.

ಬಂಡೆ ಮೇಲೆ ನೆರಳಿಲ್ಲ. ಟೋಪಿ, ನೀರು ಇರಲಿ. ಮಳೆಗಾಲದಲ್ಲಿ ಬೋಟ್ ಬಂದ್. ವಾಪಸ್ ಕೊನೇ ಬೋಟ್ ಎಷ್ಟೊತ್ತಿಗೆ ಅಂತ ಇಳಿಯುವಾಗಲೇ ಕೇಳ್ಕೊಳ್ಳಿ.