ಟ್ಯಾಲಿಯ ಬಿಲ್ಲು ಎಸ್‌ಎಪಿಗೆ ಅರ್ಥವಾಗೋದು ಹೇಗೆ?

ಪೀಣ್ಯದ ಒಂದು ಕಾರ್ಖಾನೆಯಲ್ಲಿ ಲೆಕ್ಕಕ್ಕೆ ಟ್ಯಾಲಿ ಸಾಫ್ಟ್‌ವೇರ್. ಅಲ್ಲಿಂದ ಮಾಲು ಕೊಳ್ಳೋ ಕಂಪನಿಯಲ್ಲಿ ಎಸ್‌ಎಪಿ. ಇಲ್ಲಿ ಪ್ರಿಂಟ್ ತೆಗೆದ ಬಿಲ್ಲನ್ನ ಅಲ್ಲಿ ಇನ್ನೊಬ್ಬರು ಕೂತು ಮತ್ತೆ ಟೈಪ್ ಮಾಡಬೇಕಿತ್ತು. ಒಂದು ಅಂಕಿ ತಪ್ಪಿದರೂ ಪೇಮೆಂಟ್ ನಿಂತುಹೋಗ್ತಿತ್ತು.

2020ರ ಅಕ್ಟೋಬರ್‌ನಲ್ಲಿ ಜಿಎಸ್‌ಟಿ ಇ-ಇನ್‌ವಾಯ್ಸ್ ಬಂತು. ಸಾಫ್ಟ್‌ವೇರ್ ಯಾವುದೇ ಇರಲಿ, ಬಿಲ್ಲಿನ ನಮೂನೆ ಒಂದೇ. ಜಿಎಸ್‌ಟಿ ನಂಬರ್, ಸರಕಿನ ಎಚ್‌ಎಸ್‌ಎನ್ ಕೋಡ್, ತೆರಿಗೆ, ಎಲ್ಲಕ್ಕೂ ಗೊತ್ತುಮಾಡಿದ ಜಾಗ. ಇ-ಇನ್‌ವಾಯ್ಸ್ ಪೋರ್ಟಲ್ ಅದನ್ನ ಪರಿಶೀಲಿಸಿ 64 ಅಕ್ಷರಗಳ ಗುರುತು ಸಂಖ್ಯೆ, ಕ್ಯೂಆರ್ ಕೋಡ್ ಕೊಡುತ್ತೆ. ನನಗೆ ತುಂಬಾ ಹಿಡಿಸಿದ್ದು ಏನು ಗೊತ್ತಾ? ಈ ನಮೂನೆ ಯಾವ ಸಾಫ್ಟ್‌ವೇರ್ ಕಂಪನಿಯ ಸ್ವತ್ತೂ ಅಲ್ಲ. ಯಾರು ಬೇಕಾದರೂ ಓದಿ, ಅದಕ್ಕೆ ಹೊಂದೋ ಸಾಫ್ಟ್‌ವೇರ್ ಬರೀಬಹುದು.

ಹೀಗೇ ಖರೀದಿ ಆರ್ಡರ್‌ಗಳಿಗೂ ಯುಬಿಎಲ್ ಅನ್ನೋ ಮುಕ್ತ ನಮೂನೆ ಇದೆ. ಅದಕ್ಕೇ ಹೊಸ ಸಾಫ್ಟ್‌ವೇರ್ ಕೊಳ್ಳೋ ಮುಂಚೆ ಮಾರುವವರನ್ನ ತಪ್ಪದೆ ಕೇಳಿ: ನಮ್ಮ ಡೇಟಾ ಯಾವ ನಮೂನೆಯಲ್ಲಿ ಹೊರಗೆ ಬರುತ್ತೆ?